ದಯಾಮರಣ: ಅರ್ಹತೆಯ ಪ್ರಶ್ನೆ

ದಯಾಮರಣವೆಂಬ ಒಂದೇ ಹೆಸರಿನಲ್ಲಿ ಎರಡು ಭಿನ್ನ ಕ್ರಿಯೆಗಳು ಅಡಗಿವೆ. ಮದ್ದಿತ್ತು ಸಾವನ್ನು ತರುವುದು ಒಂದು. ನಿಷ್ಫಲವಾದ ಚಿಕಿತ್ಸೆಯನ್ನು ನಿಲ್ಲಿಸಿ ಸಹಜ ಮರಣಕ್ಕೆ ಎಡೆಗೊಡುವುದು ಇನ್ನೊಂದು. ನೆದರ್ಲೆಂಡ್ಸ್ ದೇಶವು 2002ರಿಂದ ಮೊದಲನೆಯದಕ್ಕೂ ಶಾಸನದ ಸಮ್ಮತಿಯಿತ್ತಿದೆ. ಅಲ್ಲಿ ಮರಣವು ಸನ್ನಿಹಿತವಾಗಿರಬೇಕೆಂಬ ನಿಬಂಧನೆಯಿಲ್ಲ. ರೋಗಿಯು ಸ್ವಇಚ್ಛೆಯಿಂದ ಕೋರಿರಬೇಕು, ವೇದನೆಯು ಅಸಹನೀಯವೂ ಉಪಶಮನದ ಆಶೆಯಿಲ್ಲದುದೂ ಆಗಿರಬೇಕು. ಭಾರತದಲ್ಲಿ ಎರಡನೆಯದಕ್ಕೆ ಮಾತ್ರ ಅವಕಾಶವುಂಟು.

ಕೋರಲು ಶಕ್ತಿಯಿಲ್ಲದವರ ಪರವಾಗಿ ನಿರ್ಣಯಿಸತಕ್ಕವರು ಯಾರು? ಉತ್ತರ ಕನ್ನಡದ ಹಳದೀಪುರ ಮೂಲದ ದಾದಿ ಅರುಣಾ ಶಾನಭಾಗರು 1973ರಲ್ಲಿ ಮುಂಬಯಿಯಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಆಸ್ಪತ್ರೆಯಲ್ಲಿಯೇ ಮಲಗಿದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂಬ ಲೇಖಕಿಯೊಬ್ಬರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಳ್ಳಿಹಾಕಿತು; ಅವರನ್ನು ಸಲಹುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ಅವರು ಬದುಕಿರಲೆಂದೇ ಬಯಸಿದ್ದರು. ಆದರೂ ಚಿಕಿತ್ಸೆ ನಿಲ್ಲಿಸುವ ಮಾರ್ಗವನ್ನು ತೆರೆದುದು ಅದೇ ತೀರ್ಪು.

2018ರ ತೀರ್ಪು ಘನತೆಯ ಮರಣವನ್ನು ಬದುಕಿನ ಹಕ್ಕಿನ ಅಂಗವೆಂದು ಮನ್ನಿಸಿ, ಪ್ರಜ್ಞೆಯಿರುವಾಗಲೇ ಇಚ್ಛಾಪತ್ರ ಬರೆದಿಡಲು ಅವಕಾಶವಿತ್ತಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದರ ಅನುಷ್ಠಾನಕ್ಕಾಗಿ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು. ನಿಕಟ ಬಂಧುಗಳ ಸಮ್ಮತಿಯೂ ಇರಬೇಕು.

ಇಷ್ಟೆಲ್ಲ ಕಟ್ಟುಪಾಡುಗಳ ಆಶಯ ಒಂದೇ. ಅರ್ಹತೆಗೆ ಆಧಾರವಾಗತಕ್ಕುದು ರೋಗದ ಸ್ಥಿತಿ ಮತ್ತು ರೋಗಿಯ ಇಚ್ಛೆಯೇ ಹೊರತು, ಸಲಹುವವರ ಬಡತನವಾಗಲಿ ಬೇಸರವಾಗಲಿ ಅಲ್ಲ.