ಎಡಗೈ ಮಗುವಿಗೆ ಯಾವ ಬ್ಯಾಂಜೋ?

ಕಳೆದ ಶ್ರಾವಣದ ಒಂದು ಸೋಮವಾರ ಕಲ್ಹೇರಿನಲ್ಲಿ ಭಜನೆ ಮುಗಿದು ಮಂಗಳಾರತಿಯಾದ ಮೇಲೆ ಒಬ್ಬ ಪಾಲಕರು ನಮ್ಮ ಬಳಿ ಬಂದು ಕುಳಿತರು. ಅವರ ಮಗಳು ನಮ್ಮ ಶಾಲೆಯ ಏಳನೆಯ ತರಗತಿಯ ವಿದ್ಯಾರ್ಥಿನಿ. "ಗುರುಗಳೇ, ಹುಡುಗಿಗೆ ಬ್ಯಾಂಜೋ ಕಲಿಯುವ ಹಂಬಲ. ಕೊಡಿಸಲು ನಾನು ಸಿದ್ಧ. ಆದರೆ ಅವಳದು ಎಡಗೈ. ಮೊದಲು ಕೈ ತಿದ್ದಿ, ಆಮೇಲೆ ವಾದ್ಯ ಕೊಡಿಸೆಂದು ಮನೆಯ ಹಿರಿಯರು ಹೇಳುತ್ತಾರೆ. ತಾವೇನನ್ನುತ್ತೀರಿ?" ಎಂದು ಕೇಳಿದರು. ಒಡನೆಯೇ ಉತ್ತರಿಸಲು ನಮ್ಮಿಂದಾಗಲಿಲ್ಲ. ಆ ಪ್ರಶ್ನೆಗೆ ನಮ್ಮ ಸ್ವಂತ ತಪ್ಪೊಂದು ಅಂಟಿಕೊಂಡಿತ್ತು. ಅದನ್ನು ಮುಂದೆ ನಿವೇದಿಸುವೆವು.

ಬ್ಯಾಂಜೋ ಎಂಬ ಹೆಸರು ಎರಡು ಬೇರೆ ಬೇರೆ ವಾದ್ಯಗಳಿಗೆ ಸಲ್ಲುತ್ತದೆ. ನಾರಾಯಣಖೇಡ, ಜಹೀರಾಬಾದು, ಬೀದರಗಳ ಕಡೆ ಭಜನೆ, ಕವ್ವಾಲಿಗಳಲ್ಲಿ ಕೇಳಿಬರುವುದು ಪೆಟ್ಟಿಗೆಯ ಬ್ಯಾಂಜೋ. ಬುಲ್‌ಬುಲ್ ತರಂಗವೆಂಬುದು ಇದರ ಇನ್ನೊಂದು ಹೆಸರು. ಜಪಾನಿನ ನಗೋಯಾ ನಗರದಲ್ಲಿ ಮೊರಿತಾ ಗೋರೋ ಎಂಬವರು 1912ರಲ್ಲಿ ನಿರ್ಮಿಸಿದ ತೈಶೋಗೋತೋ ಎಂಬ ವಾದ್ಯವೇ ಇದರ ಮೂಲ. ಎರಡನೆಯದು ದುಂಡು ಬ್ಯಾಂಜೋ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟ ಜನರು ಅಮೆರಿಕ ಖಂಡದಲ್ಲಿ ರೂಪಿಸಿದ ಈ ವಾದ್ಯದಲ್ಲಿ ದುಂಡು ಚೌಕಟ್ಟಿಗೆ ಹೊದಿಕೆ ಬಿಗಿದು, ಉದ್ದನೆಯ ಕೊರಳನ್ನು ಜೋಡಿಸಿರುತ್ತಾರೆ.

ಮೊದಲು ಪೆಟ್ಟಿಗೆಯ ಬ್ಯಾಂಜೋವನ್ನು ನೋಡೋಣ. ಟೈಪರೈಟರಿನಂತಹ ಗುಂಡಿಗಳನ್ನು ಎಡಗೈ ಬೆರಳುಗಳಿಂದ ಒತ್ತಿದರೆ ತಂತಿಯ ಮಿಡಿಯುವ ಭಾಗ ಗಿಡ್ಡವಾಗಿ ಸ್ವರ ಏರುತ್ತದೆ. ಬಲಗೈ ತಂತಿಯನ್ನು ಮೀಟಿ ತಾಳವನ್ನು ಹಿಡಿಯುತ್ತದೆ. ಸ್ವರಗಳು ಹಾರ್ಮೋನಿಯಮ್ಮಿನಂತೆಯೇ ಎಡದಿಂದ ಬಲಕ್ಕೆ ಏರುತ್ತವೆ. ಎಡಗೈಯಿಂದ ಮೀಟಬೇಕೆಂದು ಪೆಟ್ಟಿಗೆಯನ್ನು ತಿರುಗಿಸಿ ಇಟ್ಟರೆ ಸ್ವರಗಳು ಬಲದಿಂದ ಎಡಕ್ಕೆ ಏರತೊಡಗುತ್ತವೆ. ಗುಂಡಿಗಳ ಮೇಲಿನ ಅಂಕಿಗಳೂ ತಲೆಕೆಳಗಾಗುತ್ತವೆ. ಮುಂದೆ ಹಾರ್ಮೋನಿಯಂ ಕಲಿಯಬಯಸುವ ಮಗುವಿಗೆ ಇದು ತೊಡಕಾದೀತು. ಆದರೆ ಇನ್ನೊಂದು ಮಾತನ್ನು ಮರೆಯಬಾರದು. ಈ ವಾದ್ಯದಲ್ಲಿ ಸ್ವರವನ್ನು ಹುಡುಕುವ ಸೂಕ್ಷ್ಮ ಕೆಲಸ ಮೊದಲಿನಿಂದಲೂ ಎಡಗೈಗೇ ಒಪ್ಪಿಸಲ್ಪಟ್ಟಿದೆ. ಆದುದರಿಂದ ಕೆಲವು ಎಡಗೈ ಮಕ್ಕಳಿಗೆ ಸಾಮಾನ್ಯ ಕ್ರಮವೇ ಹಿತವಾಗಬಹುದು. ತಾಳದ ಜವಾಬುದಾರಿಯನ್ನು ಬಲಗೈ ಹೊರಲಾರದ ಮಕ್ಕಳಿಗೆ ಹಿತವಾಗಲಿಕ್ಕಿಲ್ಲ.

ದುಂಡು ಬ್ಯಾಂಜೋವನ್ನು ಕೊಳ್ಳುವವರು ತಂತಿಗಳನ್ನು ಎಣಿಸಿ ನೋಡಬೇಕು. ನಾಲ್ಕು ತಂತಿಯದಾದರೆ ಎಡಗೈಗೆ ಹೊಂದಿಸುವುದು ಅಷ್ಟು ಕಠಿಣವಲ್ಲ. ಚೌಕಟ್ಟು ದುಂಡಾಗಿರುವುದರಿಂದ ಯಾವ ಮಗ್ಗುಲಿಗೆ ಹಿಡಿದರೂ ಒಂದೇ. ತಂತಿಗಳನ್ನು ಹೊತ್ತ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಹೀಗಾಗಿ ತಂತಿಗಳ ಕ್ರಮವನ್ನು ತಿರುವು ಮುರುವು ಮಾಡಿ, ಕುದುರೆಯನ್ನು ತಿರುಗಿಸಿ, ಕೊರಳಿನ ತುದಿಯ ಪಟ್ಟಿಯಲ್ಲಿ ತಂತಿಯ ದಪ್ಪಕ್ಕೆ ತಕ್ಕ ಗೀರುಗಳನ್ನು ಮಾಡಿಸಿದರೆ ಸಾಕು. ಐದು ತಂತಿಯದರ ಸಂಗತಿ ಬೇರೆ. ಅದರ ಐದನೆಯ ಗಿಡ್ಡ ತಂತಿಯ ಬಿರಡೆ ಕೊರಳಿನ ಮಗ್ಗುಲಿನಲ್ಲಿ, ಐದನೆಯ ಮೆಟ್ಟಿಲ ಬಳಿ ಇರುತ್ತದೆ. ವಾದ್ಯವನ್ನು ತಿರುಗಿಸಿ ಹಿಡಿದರೆ ಹೆಬ್ಬೆರಳಿಗೆ ಸಿಗಬೇಕಾದ ಆ ತಂತಿ ಕೆಳಬದಿಗೆ ಹೋಗಿಬಿಡುತ್ತದೆ. ಇದಕ್ಕೆ ಎಡಗೈಯವರಿಗೆಂದೇ ಮಾಡಿದ ಕೊರಳು ಬೇಕು. ಅಂತಹ ವಾದ್ಯವನ್ನು ಹೇಳಿ ತರಿಸಬೇಕಾದೀತು.

ತಿರುಗಿಸಿ ಹಿಡಿದೇ ಗೆದ್ದವರೂ ಉಂಟು. ಅಮೆರಿಕದ ಎಲಿಜಬೆತ್ ಕಾಟನ್ ಎಂಬ ಕಪ್ಪು ಜನಾಂಗದ ಮಹಿಳೆ ಬಾಲ್ಯದಲ್ಲಿ ಅಣ್ಣನ ಬ್ಯಾಂಜೋವನ್ನು ತಂತಿ ಬದಲಾಯಿಸದೆ, ಎಡಗೈಯಿಂದ ತಲೆಕೆಳಗಾಗಿ ನುಡಿಸಿ ಕಲಿತರು. ಗಿಟಾರನ್ನೂ ಹಾಗೆಯೇ ನುಡಿಸಿದರು. ಮುಪ್ಪಿನಲ್ಲಿ ಪ್ರಸಿದ್ಧಿಗೆ ಬಂದ ಅವರಿಗೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಮ್ಮ ದೇಶದಲ್ಲಿ ಮೃದಂಗ ವಿದ್ವಾಂಸ ಪಳನಿ ಸುಬ್ರಮಣ್ಯ ಪಿಳ್ಳೆಯವರು ಎಡಗೈಯವರೇ. ಎಡಗೈ ಮೃದಂಗಕ್ಕೆ ವೇದಿಕೆಯ ಮೇಲೆ ಕೂಡುವ ಬದಿಯೇ ಬದಲಾಗಬೇಕು. ಚೆಂಬೈ ವೈದ್ಯನಾಥ ಭಾಗವತರಂತಹ ಹಿರಿಯ ಗಾಯಕರು ಅವರಿಗೆ ಬೆಂಬಲವಾಗಿ ನಿಂತರು. ಆಸನವನ್ನು ಬದಲಿಸಬಹುದು, ಕೈಯನ್ನೇಕೆ ಬದಲಿಸಬೇಕು?

ಈಗ ನಮ್ಮ ತಪ್ಪಿನ ಮಾತು. ವೃತ್ತಿಗೆ ಸೇರಿದ ಹೊಸದರಲ್ಲಿ ಎಡಗೈಯಿಂದ ಬರೆಯುತ್ತಿದ್ದ ಒಬ್ಬ ಬಾಲಕನ ಬೆರಳಿಗೆ ನಾವು ಅಳತೆಪಟ್ಟಿಯಿಂದ ಹೊಡೆದು ಬಳಪವನ್ನು ಬಲಗೈಗೆ ಕೊಡಿಸಿದೆವು. ತರಬೇತಿಯಲ್ಲಿ ಮಕ್ಕಳ ಮನಃಶಾಸ್ತ್ರವನ್ನು ಓದಿ ಬಂದಿದ್ದೆವು; ಆದರೆ ಕೈಗೆ ಬಂದದ್ದು ಹಳೆಯ ರೂಢಿ. ಬಾಲಕ ಬಲಗೈಯಲ್ಲಿ ಬರೆಯಲು ಕಲಿತನು, ಆದರೆ ತಾನಾಗಿ ಬರೆಯುವುದನ್ನು ಬಿಟ್ಟನು. ಹಲಗೆಯ ಮೂಲೆಯಲ್ಲಿ ಬಿಡಿಸುತ್ತಿದ್ದ ಎತ್ತುಗಳ ಚಿತ್ರವೂ ನಿಂತುಹೋಯಿತು. ನೂರು ಜನರಲ್ಲಿ ಸುಮಾರು ಹತ್ತು ಜನ ಎಡಗೈಯವರೆಂಬುದನ್ನೂ, ಅದು ಕೆಟ್ಟ ಚಾಳಿಯಲ್ಲ, ಮಿದುಳಿನ ಸಹಜ ರಚನೆಗೆ ಸಂಬಂಧಿಸಿದ್ದೆಂಬುದನ್ನೂ ನಾವು ಮನಗಂಡುದು ತಡವಾಗಿ.

ಆದುದರಿಂದ ಆ ಪಾಲಕರಿಗೆ ನಾವು ಹೇಳಿದ್ದಿಷ್ಟು: "ಕೈ ತಿದ್ದುವ ಮಾತು ಬೇಡ. ವಾದ್ಯವನ್ನು ಈಗಲೇ ಕೊಳ್ಳುವುದೂ ಬೇಡ. ಭಜನಾ ಮಂಡಳಿಯ ಬ್ಯಾಂಜೋವನ್ನು ಒಂದು ತಿಂಗಳು ಎರವಲು ಕೇಳೋಣ. ಎರಡು ವಾರ ಸಾಮಾನ್ಯ ಕ್ರಮದಲ್ಲಿ, ಎರಡು ವಾರ ತಿರುಗಿಸಿ ನುಡಿಸಲಿ. ಹಾಡು ಕೇಳುವಾಗ ಯಾವ ಕೈ ತಾನಾಗಿ ತಾಳ ಹಾಕುತ್ತದೆಂಬುದನ್ನು ಗಮನಿಸಿರಿ. ಬಳಿಕ ಅವಳೇ ಆರಿಸಲಿ." ಎಡಗೈ ಅಶುಭವೆಂದು ಮನೆಯಲ್ಲಿ ಅಜ್ಜಿ ಆಕ್ಷೇಪಿಸಿದಾಗ, "ತಾಯಿ, ಪೂಜೆಯ ವೇಳೆ ಇಷ್ಟಲಿಂಗವನ್ನು ತಾವು ಇರಿಸಿಕೊಳ್ಳುವುದು ಯಾವ ಅಂಗೈಯ ಮೇಲೆ?" ಎಂದು ವಿನಯದಿಂದ ಕೇಳಿದೆವು. ಅವರು ತಮ್ಮ ಎಡ ಅಂಗೈಯನ್ನು ನೋಡಿಕೊಂಡು ಸುಮ್ಮನಾದರು.

ತಿಂಗಳು ಕಳೆದ ಮೇಲೆ ಹುಡುಗಿ ಸಾಮಾನ್ಯ ಕ್ರಮವನ್ನೇ ಆರಿಸಿಕೊಂಡಳು. ತನ್ನ ಚುರುಕಾದ ಕೈಗೆ ಗುಂಡಿಗಳೇ ಇಷ್ಟವೆಂದಳು. ಇನ್ನೊಂದು ಮಗು ತಿರುಗಿಸುವುದನ್ನೇ ಆರಿಸಬಹುದು, ಅದೂ ಸರಿಯೇ. ತಿದ್ದಿಸಿಕೊಂಡು ಬಲಗೈಗೆ ಬರುವುದಕ್ಕೂ, ತಾನೇ ನೋಡಿ ಆರಿಸುವುದಕ್ಕೂ ಬಹಳ ಅಂತರವುಂಟು.

ಕಾರ್ತಿಕದ ಭಜನೆಗೆ ಅವಳು ಹೊಸ ಬ್ಯಾಂಜೋದೊಡನೆ ಬಂದು ಕುಳಿತಳು. ಭಜನೆ ಮುಗಿದ ಬಳಿಕ ಮುಂದಿನ ವಾರದ ಹಾಡುಗಳ ಪಟ್ಟಿಯನ್ನು ಎಲ್ಲರೆದುರಿಗೆ ಎಡಗೈಯಿಂದ ಬರೆದುಕೊಂಡಳು. ಯಾರೂ ಏನೂ ಅನ್ನಲಿಲ್ಲ.