ಗರಣೆ ಕಟ್ಟುವ ರಕ್ತ, ಹರಡುವ ಕ್ಯಾನ್ಸರ್

ಕ್ಯಾನ್ಸರ್ ತಗುಲಿದವರ ರಕ್ತ ಉಳಿದವರ ರಕ್ತಕ್ಕಿಂತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ ಗರಣೆ ಕಟ್ಟಿ ಒಂದು ಮೀನಖಂಡ ಮಾತ್ರ ಊದಿಕೊಳ್ಳುವುದು, ಅದರ ತುಣುಕು ಕಿತ್ತುಬಂದು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಕೂತು ಏಕಾಏಕಿ ಉಸಿರು ಕಟ್ಟುವುದು, ಇವೆರಡೂ ಈ ರೋಗಿಗಳಲ್ಲಿ ಹಲವು ಪಟ್ಟು ಹೆಚ್ಚು. ಮೇದೋಜೀರಕ, ಜಠರ ಮತ್ತು ಮೆದುಳಿನ ಕ್ಯಾನ್ಸರ್‌ಗಳಲ್ಲಿ ಅಪಾಯ ತೀರಾ ಜಾಸ್ತಿ, ಸ್ತನ ಕ್ಯಾನ್ಸರ್‌ನಲ್ಲಿ ಅಷ್ಟಿಲ್ಲ.

ಈ ನಂಟನ್ನು ಸ್ಪಷ್ಟವಾಗಿ ಬೋಧಿಸಿದವನು ಪ್ಯಾರಿಸ್‌ನ ವೈದ್ಯ ಆರ್ಮಾಂಡ್ ಟ್ರೂಸೋ. ಹೊಟ್ಟೆಯ ಕಾಯಿಲೆ ಕ್ಯಾನ್ಸರೋ ಅಲ್ಲವೋ ಎಂಬ ಅನುಮಾನವಿದ್ದಾಗ ಅಭಿಧಮನಿಯಲ್ಲಿ ಗರಣೆ ಕಂಡರೆ ಅದು ಕ್ಯಾನ್ಸರ್ ಎಂದೇ ತಿಳಿಯಬಹುದು ಎಂಬುದು 1865ರಲ್ಲಿ ಅವನು ಮಂಡಿಸಿದ ವಾದ. ಎರಡು ವರ್ಷಗಳೊಳಗೆ ಅದೇ ಲಕ್ಷಣ ಅವನ ಮೈಯಲ್ಲೇ ಕಾಣಿಸಿತು. ತಾನಿನ್ನು ಉಳಿಯುವುದಿಲ್ಲವೆಂದು ಶಿಷ್ಯನಿಗೆ ಹೇಳಿದ. 1867ರ ಜೂನ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡ. ಹಾಗೆಂದು ಗರಣೆ ಕಟ್ಟಿದವರಿಗೆಲ್ಲ ಕ್ಯಾನ್ಸರ್ ಇದೆಯೆಂದು ಹೆದರಬೇಕಿಲ್ಲ. ಕಾರಣ ತಿಳಿಯದೆ ಗರಣೆ ಕಟ್ಟಿದ್ದ 854 ಜನರನ್ನು ಕೆನಡಾದಲ್ಲಿ ಪರೀಕ್ಷಿಸಿದಾಗ ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದದ್ದು ನೂರಕ್ಕೆ ಸುಮಾರು ನಾಲ್ವರಲ್ಲಿ. ಮಾಮೂಲಿ ತಪಾಸಣೆಯ ಜೊತೆಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರಿಂದ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ ಎಂದು 2015ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು.

ಆರೋಗ್ಯವಂತರಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ರಕ್ತನಾಳದ ಗೋಡೆಯ ಹೊರಗಡೆ ಇರುತ್ತದೆ. ಗಾಯವಾಗಿ ರಕ್ತ ಅದನ್ನು ಮುಟ್ಟಿದಾಗ ಒಂದರ ಹಿಂದೊಂದರಂತೆ ಹಲವು ಕಿಣ್ವಗಳು ಎಚ್ಚೆತ್ತು, ಕೊನೆಯಲ್ಲಿ ಥ್ರಾಂಬಿನ್ ಹುಟ್ಟುತ್ತದೆ. ಅದು ಫೈಬ್ರಿನ್ ಎಳೆಗಳ ಬಲೆ ಹೆಣೆಸಿ ರಕ್ತಸ್ರಾವ ನಿಲ್ಲಿಸುತ್ತದೆ. ಎಷ್ಟೋ ಬಗೆಯ ಕ್ಯಾನ್ಸರ್ ಕೋಶಗಳು ಇದೇ ಪ್ರೋಟೀನನ್ನು ಮೈಮೇಲೆ ಹೊತ್ತಿರುತ್ತವೆ, ಅದು ಅಂಟಿದ ಸಣ್ಣ ಸಣ್ಣ ಚೂರುಗಳನ್ನು ರಕ್ತಕ್ಕೆ ಉದುರಿಸುತ್ತಲೂ ಇರುತ್ತವೆ. ಹೀಗಾಗಿ ಗಾಯವೇ ಇಲ್ಲದೆ ಗರಣೆ ಕಟ್ಟುತ್ತದೆ. ಗಡ್ಡೆ ಒತ್ತಿದ ಅಭಿಧಮನಿ, ಶಸ್ತ್ರಚಿಕಿತ್ಸೆ, ಹಾಸಿಗೆ ಹಿಡಿದು ಕಳೆದ ದಿನಗಳು ಇದಕ್ಕೆ ಜೊತೆಗೂಡುತ್ತವೆ.

ಇದು ಬರೀ ಅಡ್ಡಪರಿಣಾಮವಲ್ಲ, ಗಡ್ಡೆಗೆ ಇದರಿಂದ ಲಾಭವೂ ಇದೆ. ಮೂಲ ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ರಕ್ತದ ರಭಸ ಒಂದು ಕಡೆ, ಅಪರಿಚಿತ ಕೋಶಗಳನ್ನು ಕೊಲ್ಲುವ ಎನ್.ಕೆ. ಕೋಶಗಳ ಕಾವಲು ಇನ್ನೊಂದು ಕಡೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ಸುತ್ತ ಮುತ್ತಿಕೊಂಡ ಕೋಶ ಮಾತ್ರ ಕವಚ ತೊಟ್ಟಂತೆ ಎರಡರಿಂದಲೂ ಪಾರಾಗುತ್ತದೆ, ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಮೇಲಾಗಿ ಪ್ಲೇಟ್‌ಲೆಟ್‌ಗಳು ಸುರಿಸುವ ರಾಸಾಯನಿಕಗಳು ಅದಕ್ಕೆ ಅಂಗಾಂಶದೊಳಗೆ ನುಗ್ಗುವ ಗುಣ ತುಂಬುತ್ತವೆ. ಪ್ಲೇಟ್‌ಲೆಟ್ ತಗ್ಗಿಸಿದ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದೂ ತಗ್ಗುತ್ತದೆಂದು 1968ರಲ್ಲೇ ಕಂಡುಬಂದಿತ್ತು. ಗಡ್ಡೆಯ ಸುತ್ತಲಿನ ಸೋರುವ ನಾಳಗಳಿಂದ ಹೊರಬಂದು ಹೆಪ್ಪುಗಟ್ಟಿದ ಫೈಬ್ರಿನ್, ಹೊಸ ರಕ್ತನಾಳಗಳು ಹಬ್ಬಲು ಚಪ್ಪರವಾಗುತ್ತದೆ. ಇದನ್ನು ಗಮನಿಸಿದ ಅಮೆರಿಕದ ರೋಗತಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ಮಾಯದ ಗಾಯಗಳೆಂದು ಕರೆದರು.

ಹಾಗಾದರೆ ಹೆಪ್ಪು ತಡೆಯುವ ಹೆಪಾರಿನ್ ಕೊಟ್ಟರೆ ಕ್ಯಾನ್ಸರ್ ಹತೋಟಿಗೆ ಬರಬೇಕಲ್ಲ? ತರ್ಕ ಚೆನ್ನಾಗಿದೆ, ಫಲಿತಾಂಶ ಹಾಗಿಲ್ಲ. ದೊಡ್ಡ ಪ್ರಯೋಗಗಳಲ್ಲಿ ಗರಣೆ ಕಡಿಮೆಯಾಯಿತೇ ಹೊರತು ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ಆದ್ದರಿಂದ ಈ ಔಷಧಿಗಳ ಬಳಕೆ ಇಂದಿಗೂ ಗರಣೆಗಷ್ಟೇ ಸೀಮಿತ. ಅಲ್ಲಿ ಅವು ನಿಜಕ್ಕೂ ಉಪಕಾರಿ. 2003ರ ಒಂದು ಪ್ರಯೋಗದಲ್ಲಿ, ವಾರ್ಫರಿನ್ ಬಗೆಯ ಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳೊಳಗೆ ಶೇ. 17ರಷ್ಟು ಮಂದಿಗೆ ಗರಣೆ ಮರುಕಳಿಸಿದರೆ, ದಿನಾ ಚರ್ಮದಡಿ ಹೆಪಾರಿನ್ ಚುಚ್ಚಿಸಿಕೊಂಡವರಲ್ಲಿ ಅದು ಶೇ. 9. ಈಚೆಗೆ ಅಪಿಕ್ಸಬ್ಯಾನ್, ರಿವರಾಕ್ಸಬ್ಯಾನ್‌ನಂಥ ಮಾತ್ರೆಗಳು ಬಂದು ಸೂಜಿಯ ಕಾಟ ಅನೇಕರಿಗೆ ತಪ್ಪಿದೆ. ಆದರೆ ಜಠರ, ಕರುಳಿನ ಗಡ್ಡೆ ಇರುವವರಲ್ಲಿ ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುವುದರಿಂದ ವೈದ್ಯರು ಹಿಂಜರಿಯುತ್ತಾರೆ.

ಚಿಕಿತ್ಸೆಯೂ ಗರಣೆಗೆ ಕಾರಣವಾಗಬಲ್ಲದು. ಸಿಸ್‌ಪ್ಲಾಟಿನ್, ಟಮಾಕ್ಸಿಫೆನ್, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಸ್ಟೀರಾಯ್ಡ್ ಜೊತೆ ಕೊಡುವ ಥ್ಯಾಲಿಡೊಮೈಡ್, ಕಿಮೊ ಹನಿಸಲು ದೊಡ್ಡ ಅಭಿಧಮನಿಯಲ್ಲಿ ಇಟ್ಟ ಕೊಳವೆ, ಎಲ್ಲಕ್ಕೂ ಈ ದೋಷವಿದೆ. ಅದೇ ಕಿಮೊ ಪ್ಲೇಟ್‌ಲೆಟ್ ಎಣಿಕೆಯನ್ನೂ ಇಳಿಸುತ್ತದೆ. ಎಣಿಕೆ 50,000ಕ್ಕಿಂತ ಕೆಳಗಿಳಿದರೆ ಹೆಪ್ಪು ತಡೆಯುವ ಔಷಧಿಯ ಪ್ರಮಾಣವನ್ನು ಸಾಮಾನ್ಯವಾಗಿ ಮರುಪರಿಶೀಲಿಸುತ್ತಾರೆ, 25,000ಕ್ಕಿಂತ ಕೆಳಗೆ ಹೆಚ್ಚಾಗಿ ನಿಲ್ಲಿಸುತ್ತಾರೆ.

ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಂತೂ ಇದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದಲ್ಲಿ ಕೆಟ್ಟ ಕೋಶಗಳು ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚುಮಾಡಿಸಿ, ಕಟ್ಟಿದ ಹೆಪ್ಪನ್ನೂ ಕರಗಿಸುತ್ತವೆ. ರೋಗಿ ಮೆದುಳಿನ ರಕ್ತಸ್ರಾವದಿಂದ ದಿನಗಳೊಳಗೆ ಸಾಯಬಹುದು. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು ವಿಟಮಿನ್ ಎ ಮೂಲದ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲದಿಂದ ಆ ಕೋಶಗಳನ್ನು ಮಾಗಿಸಿದ ವಿವರ 1988ರಲ್ಲಿ ಪ್ರಕಟವಾಯಿತು. ಕೋಶಗಳು ಮಾಗಿದಂತೆ ರಕ್ತಸ್ರಾವವೂ ಹಿಡಿತಕ್ಕೆ ಬರುತ್ತದೆ. ಹಾಗಾಗಿ ಈ ಲ್ಯುಕೇಮಿಯಾದ ಶಂಕೆ ಬಂದರೆ ಸಾಕು, ವಂಶವಾಹಿ ಪರೀಕ್ಷೆಯ ವರದಿಗೆ ಕಾಯದೆ ಔಷಧಿ ಶುರುಮಾಡುತ್ತಾರೆ.