ವರ್ಚುವಲ್ ರಿಯಾಲಿಟಿಯಲ್ಲಿ ಕಣ್ಣಿನ ಚಲನೆ ಹೇಳುವುದೇನು?

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ನೆಲೆಗೊಳಿಸಲು ಕುಳಿತ ಸದ್ಭಕ್ತರೆಲ್ಲರ ಅನುಭವ ಒಂದೇ: ಮನಸ್ಸು ಅತ್ತ ಸರಿದೊಡನೆ ನೋಟವೂ ಸರಿಯುತ್ತದೆ. ಕಣ್ಣಿಗೂ ಮನಸ್ಸಿಗೂ ಇರುವ ಈ ನಂಟನ್ನು ಇಂದು ಯಂತ್ರಗಳು ಅಳೆಯುತ್ತಿವೆ. ಹುಬ್ಬಳ್ಳಿ-ಧಾರವಾಡದ ತಾಂತ್ರಿಕ, ವೈದ್ಯಕೀಯ ವಿದ್ಯಾಲಯಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ನಾಳೆ ಈ ಅಳತೆಗೆ ಒಳಗಾಗಬೇಕಾದೀತು. ಆದುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಬಯಸುತ್ತೇವೆ.

ವರ್ಚುವಲ್ ರಿಯಾಲಿಟಿಯೆಂದರೆ ಕಣ್ಣಿಗೆ ಧರಿಸುವ ಹೆಡ್‌ಸೆಟ್‌ನೊಳಗೆ ಗಣಕಯಂತ್ರವು ತೋರುವ ಕೃತಕ ಲೋಕ. ಕೆಲವು ಹೆಡ್‌ಸೆಟ್‌ಗಳ ಒಳಬದಿಯಲ್ಲಿ ಅವಗೆಂಪು ಬೆಳಕಿನ ಪುಟ್ಟ ದೀಪಗಳೂ ಕ್ಯಾಮೆರಾಗಳೂ ಇರುತ್ತವೆ. ಕಣ್ಣಿನ ಮೇಲೆ ಬಿದ್ದ ಆ ಬೆಳಕಿನ ಪ್ರತಿಫಲನ ಹಾಗೂ ಪಾಪೆಯ ಸ್ಥಾನದಿಂದ, ನೋಟ ಎಲ್ಲಿದೆಯೆಂದು ಯಂತ್ರ ಲೆಕ್ಕ ಹಾಕುತ್ತದೆ.

ನಮಗೆ ಸ್ಫುಟವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿಯಷ್ಟು ಭಾಗ ಮಾತ್ರ. ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು. ಆದುದರಿಂದಲೇ ಕಣ್ಣು ಒಂದೆಡೆ ಕಾಲು ಸೆಕೆಂಡಿನಷ್ಟು ನಿಂತು ಮತ್ತೊಂದೆಡೆಗೆ ಜಿಗಿಯುತ್ತಿರುತ್ತದೆ. ರೆಪ್ಪೆ ಮಿಟುಕಿಸದೆ ನೋಡುವಾಗಲೂ ಅದು ಸೂಕ್ಷ್ಮವಾಗಿ ಕಂಪಿಸುತ್ತದೆ. ಆ ಕಂಪನವನ್ನು ಪ್ರಯೋಗಶಾಲೆಯಲ್ಲಿ ನಿಷ್ಫಲಗೊಳಿಸಿದರೆ ಎದುರಿನ ಚಿತ್ರವೇ ಮಾಸಿಹೋಗುತ್ತದೆ! ಹೀಗಾಗಿ ಕಣ್ಣು ಚಲಿಸುವುದು ದೋಷವಲ್ಲ. ಎಲ್ಲಿಗೆ, ಯಾವಾಗ ಚಲಿಸಿತು ಎಂಬುದೇ ಪ್ರಶ್ನೆ.

ಗಣಕಯಂತ್ರದ ಕೃತಕ ಶಸ್ತ್ರಚಿಕಿತ್ಸೆಯೊಂದರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ನುರಿತ ವೈದ್ಯರ ನೋಟ ಮುಟ್ಟಬೇಕಾದ ಗುರಿಯ ಮೇಲೆ ನೆಟ್ಟಿತ್ತು. ಹೊಸಬರದು ತಮ್ಮ ಕೈಯ ಉಪಕರಣದ ತುದಿಯನ್ನು ಬೆನ್ನಟ್ಟುತ್ತಿತ್ತು. ಹೊಲದಲ್ಲಿ ನೇಗಿಲು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಪ್ರದೀಪ್ತ ಬಿಸ್ವಾಸ್ ಅವರ ತಂಡವು ವಿಮಾನ ಚಾಲಕರ ಮನಸ್ಸಿನ ಮೇಲಿನ ಹೊರೆಯನ್ನು ಕಣ್ಣಿನ ಚಲನೆ ಹಾಗೂ ಪಾಪೆಯ ಗಾತ್ರದಿಂದ ಅಂದಾಜಿಸಿದೆ. ಕೃತಕ ಹಾರಾಟದಲ್ಲಷ್ಟೇ ಅಲ್ಲದೆ ನಿಜವಾದ ಹಾರಾಟದಲ್ಲಿಯೂ ನಡೆದ ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕೈಕಾಲು, ಮಾತು ಸ್ವಾಧೀನದಲ್ಲಿಲ್ಲದವರು ನೋಟದಿಂದಲೇ ನಡೆಸಬಲ್ಲ ಯಾಂತ್ರಿಕ ತೋಳನ್ನೂ ಅದೇ ತಂಡ ರೂಪಿಸಿದೆ. ನಮಗೆ ಹೆಚ್ಚು ಸಂತೋಷ ತಂದದ್ದು ಈ ಎರಡನೆಯ ಕಾರ್ಯ.

ಆದರೆ ಎಚ್ಚರವೂ ಬೇಕು. ಕಠಿಣ ಲೆಕ್ಕ ಮಾಡುವಾಗ ಪಾಪೆ ಹಿಗ್ಗುತ್ತದೆ, ನಿಜ. ಬೆಳಕು ಕುಂದಿದರೂ ಹಿಗ್ಗುತ್ತದೆ. ಹೆಡ್‌ಸೆಟ್‌ನಲ್ಲಿ ದೂರದ ವಸ್ತುವೂ ಹತ್ತಿರದ ವಸ್ತುವೂ ಒಂದೇ ಅಂತರದಲ್ಲಿರುವ ಪರದೆಯಿಂದ ಮೂಡುವುದರಿಂದ ಕಣ್ಣು ಬೇಗ ದಣಿಯುವುದುಂಟು. ದಣಿದ ಕಣ್ಣನ್ನು ಕಂಡು ವಿದ್ಯಾರ್ಥಿಗೆ ಬುದ್ಧಿ ಸಾಲದೆಂದು ತೀರ್ಪು ಕೊಟ್ಟರೆ ಅದು ಅನ್ಯಾಯ.

ಇನ್ನೊಂದು ಮಾತು. ನಾಲಗೆಯನ್ನು ಹಿಡಿಯಬಹುದು, ಪಾಪೆಯನ್ನು ಹಿಡಿಯಲಾಗದು. ಹೇಳಬಯಸದ ಆಸಕ್ತಿ, ಆತಂಕಗಳ ಸುಳಿವೂ ನೋಟದಲ್ಲಿ ದಾಖಲಾಗಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಮಕ್ಕಳಿಗೆ ಹೆಡ್‌ಸೆಟ್ ತೊಡಿಸುವ ತರಬೇತಿ ಕೇಂದ್ರಕ್ಕೆ ಹೋದಾಗ ಪಾಲಕರು ಶುಲ್ಕದೊಂದಿಗೆ ಇದನ್ನೂ ಕೇಳಬೇಕು: ಈ ಯಂತ್ರ ಕಣ್ಣಿನ ಚಲನೆಯನ್ನು ದಾಖಲಿಸುತ್ತದೆಯೆ, ಆ ದಾಖಲೆ ಯಾರ ಬಳಿ ಇರುತ್ತದೆ, ಯಾವಾಗ ಅಳಿಸಲಾಗುತ್ತದೆ?